ನಿಗದಿತ ಓವರುಗಳು

ನವೆಂಬರ್, ದೀಪಾವಳಿ ಕಳೆದ ವಾರ

ಶಾಲೆಯ ಗೇಟಿನ ಪಕ್ಕ ಫ್ಲೆಕ್ಸ್ ಕಟ್ಟಿದ್ದಾರೆ. ‘ನಿಗದಿತ ಓವರುಗಳ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟ’. ಎಷ್ಟು ಓವರು? ಮೇಲಿನಿಂದ ಕೆಳಗಿನ ತನಕ ಎರಡು ಸಲ ಓದಿದೆ. ಪ್ರವೇಶ ಶುಲ್ಕ ಇದೆ, ಬಹುಮಾನದ ಮೊತ್ತ ಇದೆ, ಶಾಶ್ವತ ಫಲಕ ಇದೆ, ಹದಿನೇಳು ಮಂದಿಯ ಫೋಟೊ ಇದೆ. ಓವರಿನ ಲೆಕ್ಕ ಮಾತ್ರ ಇಲ್ಲ. ಫ್ಲೆಕ್ಸ್ ಕಟ್ಟುತ್ತಿದ್ದವ ನಾಲ್ಕನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ಮಗ್ಗಿ ಕಲಿತ ಹುಡುಗ. ಕೇಳಿದೆ.

“ಅದು ಟೀಮು ಎಷ್ಟು ಬರ್ತದೆ ನೋಡಿ ಆಗುದು ಟೀಚರ್. ಜಾಸ್ತಿ ಬಂದ್ರೆ ಮೂರು ಓವರ್, ಕಮ್ಮಿ ಬಂದ್ರೆ ನಾಲ್ಕು.”

“ಮತ್ತೆ ನಿಗದಿತ ಅಂತ ಯಾಕೆ ಹಾಕಿದ್ದು?”

“ನಿಗದಿತ ಅಂತ ಹಾಕ್ಲೇಬೇಕಲ್ಲ.”

ಹನ್ನೆರಡು ವರ್ಷದ ಹಿಂದೆ ಗದಗಿನಿಂದ ಇಲ್ಲಿಗೆ, ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಈ ಊರಿಗೆ, ಪೋಸ್ಟಿಂಗ್ ಆಗಿ ಬಂದವಳು ನಾನು. ಇಲ್ಲಿಯವರ ಮಾತು ಅರ್ಥವಾಗಲು ಎರಡು ವರ್ಷ ಹಿಡಿಯಿತು. ಆಟ ಇನ್ನೂ ಆಗಿಲ್ಲ. ಆದರೂ ಈ ಸಲ ತಂಡದ ಸ್ಕೋರು ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಬರೆಯುತ್ತಿದ್ದ ಹುಡುಗ ಕೆಲಸ ಸಿಕ್ಕಿ ದುಬೈಗೆ ಹೋದ. ನಾನು ಬಾಡಿಗೆಗಿರುವ ಮನೆಯ ಎದುರೇ ಗದ್ದೆ. ಕ್ಯಾಪ್ಟನ್ ರಿಕ್ಷಾ ನಿಲ್ಲಿಸಿ ಬಂದು ಹೇಳಿದ್ದು ಇಷ್ಟೇ: “ನಿಮ್ಮ ಅಕ್ಷರ ಚಂದ ಉಂಟು ಟೀಚರ್. ಸುಮ್ನೆ ಕೂತಲ್ಲೇ ಬರಿಲಿಕ್ಕೆ.”

ಕ್ರಿಕೆಟ್ಟಿನ ಅಂಕಿ ಎಂದರೆ ನನಗೆ ಬಾಯಿಪಾಠ ಬರುವುದು ಒಂದೇ, 10-6-6-5. ನಮ್ಮೂರಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಹತ್ತು ಓವರು ಹಾಕಿ, ಆರು ಮೇಡನ್ ಮಾಡಿ, ಆರೇ ರನ್ನು ಕೊಟ್ಟು ಐದು ವಿಕೆಟ್ ತೆಗೆದದ್ದು. ಗದಗಿನಲ್ಲಿ ಆ ನಾಲ್ಕು ಅಂಕಿ ಗೊತ್ತಿಲ್ಲದವರನ್ನು ನಾನು ಕಂಡಿಲ್ಲ. ಅದನ್ನು ಹೇಳಿ ಸ್ವಲ್ಪ ಮರ್ಯಾದೆ ಗಳಿಸೋಣ ಎಂದುಕೊಂಡೆ. ಕ್ಯಾಪ್ಟನ್ ಗೌರವದಿಂದಲೇ ಕೇಳಿಸಿಕೊಂಡ. “ಹತ್ತು ಓವರ್ ಒಬ್ಬನೇ ಹಾಕಿದ್ದಾ? ನಮ್ಮದ್ರಲ್ಲಿ ಅಷ್ಟರೊಳಗೆ ಎರಡು ಮ್ಯಾಚ್ ಮುಗೀತದೆ.”

ಮರುದಿನ

ಪಿಚ್ ಮಾಡುವುದನ್ನು ನೋಡಿದೆ. ಭತ್ತದ ಕೂಳೆ ಕೆತ್ತಿ, ನೀರು ಚಿಮುಕಿಸಿ, ಅಡಿಕೆ ಒಣಗಿಸುವ ಅಂಗಳ ಮಾಡುವ ಹಾಗೆಯೇ ಬಡಿದು ಗಟ್ಟಿ ಮಾಡುತ್ತಾರೆ. ಉದ್ದ ಅಳೆಯುವುದು ಹೆಜ್ಜೆಯಲ್ಲಿ. ಯಾರ ಹೆಜ್ಜೆ ಎನ್ನುವುದಕ್ಕೇ ಹತ್ತು ನಿಮಿಷ ಚರ್ಚೆ ಆಯಿತು.

ಆಟದ ರೀತಿ ಹೀಗೆ. ಬೌಲರು ನಾಲ್ಕು ಹೆಜ್ಜೆ ಓಡಿ ಬಂದು, ಸೊಂಟ ಬಗ್ಗಿಸಿ, ಕೈಯನ್ನು ಮೊಣಕಾಲಿನ ಪಕ್ಕದಿಂದ ಬೀಸಿ ಟೆನಿಸ್ ಚೆಂಡು ಬಿಡುತ್ತಾನೆ. ಬಿಡುವಾಗ ಬೆರಳು ಏನೋ ಮಾಡುತ್ತದೆ. ಚೆಂಡು ನೆಲಕ್ಕೆ ಬಿದ್ದು, ಒಂದು ಗಳಿಗೆ ಯೋಚಿಸಿ, ಬೇರೆ ಕಡೆ ಹೋಗುತ್ತದೆ. ಲೆದರ್ ಚೆಂಡು 160 ಗ್ರಾಮಿನ ಆಸುಪಾಸು, ಟೆನಿಸ್ ಚೆಂಡು 60 ಗ್ರಾಮೂ ಇಲ್ಲ. ಇಷ್ಟು ಹಗುರದ್ದು ಇಷ್ಟು ತಿರುಗುವುದು ಹೇಗೆಂದು ಕೇಳಿದೆ. ರಬ್ಬರ್ ಟ್ಯಾಪಿಂಗ್ ಮಾಡುವ ಹುಡುಗ ಬೆರಳು ತೋರಿಸಿದ. ಬೆಳಗಿನ ಹಾಲು ಒಣಗಿ ಉಗುರಿನ ಸಂದಿಯಲ್ಲಿ ಕರ್ರಗೆ ಅಂಟಿಕೊಂಡಿತ್ತು. ಅದರಿಂದ ಹಿಡಿತ ಸಿಗುತ್ತದೆಯೋ, ಅವನು ನನ್ನನ್ನು ಚಾಷ್ಟೆ ಮಾಡಿದನೋ, ಗೊತ್ತಾಗಲಿಲ್ಲ.

ನವೆಂಬರ್ ಕೊನೆ

ಮನೆಯಲ್ಲಿ ಕೂತು ಸ್ವಲ್ಪ ಓದಿಕೊಂಡೆ, ಮಾಸ್ತರಿಕೆಯ ಚಟ. ಮೊದಲಿಗೆ ಕ್ರಿಕೆಟ್ ಎಂದರೆ ಕೆಳಗಿನಿಂದ ಹಾಕುವುದೇ ಆಗಿತ್ತಂತೆ. ಭುಜದ ಮಟ್ಟದ ತನಕ ಕೈ ಎತ್ತಲು ಇಂಗ್ಲೆಂಡಿನವರು ಒಪ್ಪಿದ್ದು 1835ರಲ್ಲಿ, ತಲೆಯ ಮೇಲೆ ಎತ್ತಲು 1864ರಲ್ಲಿ. ಆಮೇಲೂ ಸಿಂಪ್ಸನ್-ಹೇವರ್ಡ್ ಎನ್ನುವವರೊಬ್ಬರು ಹಟ ಬಿಡದೆ ಕೆಳಗಿನಿಂದಲೇ ಹಾಕಿ, 1909-10ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಐದು ಟೆಸ್ಟಿಗೆ 23 ವಿಕೆಟ್ ತೆಗೆದರು. ಕೊನೆಗೆ ಹೆಸರು ಕೆಟ್ಟದ್ದು 1981ರ ಫೆಬ್ರುವರಿ 1ರಂದು, ಮೆಲ್ಬರ್ನಿನಲ್ಲಿ. ಸಮ ಮಾಡಲು ನ್ಯೂಜಿಲೆಂಡಿಗೆ ಕೊನೆಯ ಚೆಂಡಿನಲ್ಲಿ ಸಿಕ್ಸರ್ ಬೇಕು. ಆಸ್ಟ್ರೇಲಿಯದ ಕ್ಯಾಪ್ಟನ್ ಗ್ರೆಗ್ ಚಾಪೆಲ್ ತಮ್ಮ ಟ್ರೆವರ್‌ಗೆ ಹೇಳಿ ಚೆಂಡನ್ನು ನೆಲದ ಮೇಲೆ ಉರುಳಿಸುವ ಹಾಗೆ ಮಾಡಿದ. ಈಗಿನ ನಿಯಮದ ಪುಸ್ತಕದಲ್ಲಿ ಅಂಡರ್ ಆರ್ಮ್ ನಿಷಿದ್ಧ, ಪಂದ್ಯಕ್ಕೆ ಮುಂಚೆ ವಿಶೇಷ ಒಪ್ಪಂದ ಆಗಿದ್ದರೆ ಮಾತ್ರ ನಡೆಯುತ್ತದೆ.

ಇದನ್ನೆಲ್ಲ ಕ್ಯಾಪ್ಟನ್‌ಗೆ ಹೇಳಿದೆ. ಮೆಲ್ಬರ್ನಿನ ಕತೆಗೆ ಅವನಿಗೆ ನಿಜವಾಗಿಯೂ ಸಿಟ್ಟು ಬಂತು. “ಅದು ಅಂಡರ್ ಆರ್ಮಾ ಟೀಚರ್? ಉರುಳಿಸಿದ್ದು ಅದು. ಇಲ್ಲಿ ಹಾಗೆ ಹಾಕಿದ್ರೆ ನೋ ಬಾಲ್.”

ವಿಶೇಷ ಒಪ್ಪಂದ ಎಂದರೇನು ಎನ್ನುವುದನ್ನು ಮುಂದಿನ ಭಾನುವಾರ ಕಣ್ಣಾರೆ ಕಂಡೆ. ಟಾಸಿಗೆ ಮೊದಲು ಇಬ್ಬರು ಕ್ಯಾಪ್ಟನ್ನರು ಗದ್ದೆಗೆ ಒಂದು ಸುತ್ತು ಬರುತ್ತಾರೆ, ಜಮೀನು ಸರ್ವೆ ಮಾಡುವವರ ಹಾಗೆ. ಈ ಕಡೆ ಕಟ್ಟಪುಣಿ ದಾಟಿದರೆ ನಾಲ್ಕು. (ನಮ್ಮ ಕಡೆ ಅದಕ್ಕೆ ಬದು ಅನ್ನುತ್ತೇವೆ.) ಆ ಕಡೆ ತೋಡಿಗೆ ನೇರವಾಗಿ ಬಿದ್ದರೆ ಆರು, ಉರುಳಿ ಬಿದ್ದರೆ ಎರಡು. ತೋಟಕ್ಕೆ ಹೋಗಿ ಅಡಿಕೆ ಮರಕ್ಕೆ ತಾಗಿ ವಾಪಸು ಬಂದರೆ ಓಡಿದಷ್ಟು. ಅಡಿಕೆ ಒಣಹಾಕಿದ ಅಂಗಳಕ್ಕೆ ಬಿದ್ದರೆ ಹೊಡೆದವನೇ ಹೋಗಿ ತರಬೇಕು, ಮನೆಯವರ ಬೈಗುಳವೂ ಅವನಿಗೇ. ಬಾವಿಗೆ ಬಿದ್ದರೆ ಔಟು, ಜೊತೆಗೆ ಚೆಂಡಿನ ದುಡ್ಡು. ಪ್ರತಿ ಗದ್ದೆಗೂ ಬೇರೆ ಸಂವಿಧಾನ, ಯಾರೂ ಬರೆದಿಡುವುದಿಲ್ಲ. ಒಂದು ವೈಡಿಗೆ ಕಾಲು ಗಂಟೆ ಜಗಳ ಆಡುವವರು ಈ ಬಾಯಿಮಾತಿನ ಕಾನೂನಿಗೆ ಮಾತ್ರ ಒಂದು ದಿನವೂ ತಕರಾರು ತೆಗೆದದ್ದಿಲ್ಲ. ಅಂಪೈರು ಸಾಮಾನ್ಯವಾಗಿ ಪಂದ್ಯಾಟ ನಡೆಸುವವರ ಕಡೆಯವನೇ. ಅದಕ್ಕೂ ಯಾರೂ ಏನೂ ಅನ್ನುವುದಿಲ್ಲ!

ಡಿಸೆಂಬರ್, ಮೊದಲ ವಾರ

ಸ್ಕೋರ್ ಪುಸ್ತಕದಲ್ಲಿ ಹಿಂದಿನವ ಯಾರ ಹೆಸರನ್ನೂ ಬರೆದಿಲ್ಲ, ಕೆಲಸ ಬರೆದಿದ್ದಾನೆ. ರಿಕ್ಷಾ, ರಬ್ಬರ್, ವಯರಿಂಗ್, ಕಾಲೇಜು, ಬೆಂಗಳೂರು, ಕ್ಯಾಟರಿಂಗ್ ಒಂದು, ಕ್ಯಾಟರಿಂಗ್ ಎರಡು, ಕ್ಯಾಟರಿಂಗ್ ಮೂರು. ಒಟ್ಟು ಎಂಟು ಜನ. ನಾನು ಸರಿಯಾದ ಹೆಸರು ಹಾಕಲು ಹೋಗಿ ಒಂದೇ ಹೆಸರಿನ ಮೂವರು ಸಿಕ್ಕಿ, ಹಳೆಯ ಕ್ರಮಕ್ಕೇ ಮರಳಿದೆ.

ಮೈಕಿನವನ ವಿಷಯ ಬೇರೆಯೇ ಬರೆಯಬೇಕು. ಅವನ ಕೆಲಸಕ್ಕೆ ‘ವೀಕ್ಷಕ ವಿವರಣೆ’ ಎನ್ನುತ್ತಾರೆ. ನಾನು ಎಂಟನೇ ಕ್ಲಾಸಿನ ಪ್ರಬಂಧದಲ್ಲಿ ಬಯಸಿದರೂ ಸಿಗದ ಕನ್ನಡ ಅವನದು. ದಾಂಡಿಗ, ಗೂಟರಕ್ಷಕ, ಸವ್ಯಸಾಚಿ. ಹಾಗೆ ಹೇಳುತ್ತ ಹೇಳುತ್ತ ಉಸಿರು ಬಿಡದೆ “ಕೆಎ 21, ಕೆಂಪು ಬೈಕು ದಾರಿಗೆ ಅಡ್ಡ ಉಂಟು, ದಯವಿಟ್ಟು ತೆಗೆಯಿರಿ” ಎಂದು ಸೇರಿಸಿ, ಮೈಕಿಗೆ ಕೈ ಮುಚ್ಚಿ ತುಳುವಿನಲ್ಲಿ ಯಾರಿಗೋ ಬೈದು, ಮತ್ತೆ ಸವ್ಯಸಾಚಿಗೆ ಬರುತ್ತಾನೆ. ‘ಸವ್ಯಸಾಚಿ ಆಟಗಾರ ಕ್ಯಾಟರಿಂಗ್ ಎರಡು’ ಎನ್ನುವಾಗ ಅವನ ದನಿಯಲ್ಲಿ ನಗುವಿನ ಎಳೆಯೂ ಇರುವುದಿಲ್ಲ. ಒಂದು ಚೆಂಡಿಗೆ ಮೂರು ಭಾಷೆ: ಅಂಪೈರಿನದು ಇಂಗ್ಲಿಷು, ಮೈಕಿನದು ಗ್ರಂಥದ ಕನ್ನಡ, ಓಡುವವರದು ತುಳು. “ಬಲಿಪು, ಬಲಿಪು” ಎಂದು ಎಲ್ಲರೂ ಕಿರುಚಿದಾಗ ನನ್ನ ಕಿವಿಗೆ ಬಿದ್ದದ್ದು ‘ಬಲಿ’ ಮಾತ್ರ. ಓಡು ಎಂದರ್ಥವಂತೆ. ಆ ಸಲ ಓಡಿದವ ರನ್ನೌಟ್ ಆದ, ಹಾಗಾಗಿ ನಾನು ಕೇಳಿಸಿಕೊಂಡದ್ದೂ ಪೂರಾ ತಪ್ಪಲ್ಲ.

ಡಿಸೆಂಬರ್ ಕೊನೆಯ ಭಾನುವಾರ

ಗೆದ್ದರು! ಪ್ರಥಮ ಬಹುಮಾನ, ನಗದು 10,000 ಮತ್ತು ಶಾಶ್ವತ ಫಲಕ. ಮೂರಡಿ ಎತ್ತರದ ಫಲಕ, ಮೇಲೆ ಬಂಗಾರದ ಬಣ್ಣದ ಹದ್ದು. ಪಿಕಪ್ಪಿನ ಹಿಂದೆ ನಿಲ್ಲಿಸಿ ತರುವಾಗ ಕಚ್ಚಾ ರಸ್ತೆಯ ಎರಡನೇ ಗುಂಡಿಗೆ ಹದ್ದು ಹಾರಿತು. ಫೆವಿಕ್ವಿಕ್ ಹಾಕಿದ್ದಾರೆ. ಈಗ ಅದು ಹಿಂದಕ್ಕೆ ತಿರುಗಿ ನೋಡುತ್ತಿದೆ.

ಜನವರಿ

ಬೆಂಗಳೂರಿನವ ಶನಿವಾರ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿ ಇಳಿದು, ಬೆಳಿಗ್ಗೆ ಆರಕ್ಕೆ ಬಂದ. ಹತ್ತೂವರೆಗೆ ಮೊದಲ ಚೆಂಡಿಗೇ ಬೌಲ್ಡ್. ರಾತ್ರಿ ಒಂಬತ್ತರ ಬಸ್ಸಿಗೆ ವಾಪಸು. ಹೋಗಿ ಬರುವ ಟಿಕೆಟ್ಟಿನ ದುಡ್ಡಿಗೆ ಎರಡು ಡಜನ್ ಚೆಂಡು ಬರುತ್ತಿತ್ತು. ಅಮ್ಮನಿಗೆ ಅವನು ಹೇಳಿದ್ದು ಮ್ಯಾಚಿಗೆ ಬಂದೆ ಎಂದು. ತಂಡಕ್ಕೆ ಹೇಳಿದ್ದು, ಹೇಗೂ ಅಮ್ಮನನ್ನು ನೋಡಲು ಬಂದಿದ್ದೆ ಎಂದು.

ಫೆಬ್ರುವರಿ, ಮಾರ್ಚ್

ಬರೆಯುವಂಥದ್ದು ಏನೂ ಇಲ್ಲ. ಸೋತರು. ಮತ್ತೆ ಸೋತರು. ಬಚ್ಚಂಗಾಯಿ ತಿಂದೆವು. ಸೋತರು.

ಏಪ್ರಿಲ್, ಪುತ್ತೂರು ಜಾತ್ರೆಯ ವಾರ

17ಕ್ಕೆ ಮಹಾಲಿಂಗೇಶ್ವರ ದೇವರ ಬ್ರಹ್ಮರಥ. ಈ ವಾರ ಬ್ಯಾಟು ಮುಟ್ಟುವವರಿಲ್ಲ. ಬಿಡುವಾಯಿತೆಂದು ಸ್ಕೋರ್ ಪುಸ್ತಕ ಹಿಡಿದು ಕೂತೆ.

ಹದಿಮೂರು ಪಂದ್ಯಾಟ, ಇಪ್ಪತ್ತನಾಲ್ಕು ಮ್ಯಾಚು. ಗೆದ್ದದ್ದು ಹನ್ನೆರಡು. ಅರ್ಧಕ್ಕರ್ಧ, ಪರವಾಗಿಲ್ಲ ಎನ್ನಬಹುದು. ಆದರೆ ಹನ್ನೆರಡರಲ್ಲಿ ಎಂಟು ಗೆಲುವು ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ, ನಾಲ್ಕೇ ಪಂದ್ಯಾಟದಲ್ಲಿ ಬಂದದ್ದು. ಉಳಿದ ಒಂಬತ್ತು ಪಂದ್ಯಾಟಕ್ಕೆ ಗೆಲುವು ನಾಲ್ಕೇ. ಚಳಿಗೆ ಚೆಂಡು ಬೇರೆ ಥರ ತಿರುಗುತ್ತದೆಯೇ? ಗದ್ದೆಯ ತೇವವೇ? ಯಾರೋ ಕಣ್ಣು ಹಾಕಿದರೇ? (ಕೊನೆಯದು ವಯರಿಂಗ್‌ನವನ ಅಭಿಪ್ರಾಯ. ಒಂದು ತೆಂಗಿನಕಾಯಿ ಒಡೆದೂ ಆಗಿದೆ.)

ಉತ್ತರ ಇದ್ದದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ. ಅದು ಧನುರ್ಮಾಸ. ಆ ಒಂದು ತಿಂಗಳು ಮದುವೆಯ ಮುಹೂರ್ತ ಇಲ್ಲ. ಮದುವೆ ಇಲ್ಲದಿದ್ದರೆ ಬಡಿಸಲು ಹೋಗುವುದಿಲ್ಲ, ಕ್ಯಾಟರಿಂಗ್ ಒಂದು, ಎರಡು, ಮೂರು ಮೂವರೂ ಗದ್ದೆಯಲ್ಲಿ. ಸಂಕ್ರಾಂತಿ ಕಳೆದ ಕೂಡಲೇ ಹಾಲುಗಳು ಭರ್ತಿ, ಭಾನುವಾರವೇ ಜಾಸ್ತಿ. ಆಗ ಆಡುವವರು ಪಿಕಪ್ ಡ್ರೈವರು, ಕ್ಯಾಪ್ಟನ್ನಿನ ಐವತ್ತನಾಲ್ಕು ವರ್ಷದ ಮಾವ, ಮತ್ತೆ ಬೌಂಡರಿ ಲೈನಿನಲ್ಲಿ ಚರುಮುರಿ ತಿನ್ನುತ್ತ ನಿಂತಿದ್ದ ಯಾರೋ ಒಬ್ಬ. ಮುಹೂರ್ತದ ದಿನಗಳಿಗೆ ಕೆಂಪು ಪೆನ್ನಿನ ಗುರುತು ಹಾಕಿ, ಸೋತ ದಿನಗಳ ಜೊತೆ ತಾಳೆ ಹಾಕಿದೆ. ಹತ್ತಿರ ಹತ್ತಿರ ಎಲ್ಲವೂ ಕೂಡಿ ಬಂತು.

ಸಂಭ್ರಮದಿಂದ ಕ್ಯಾಪ್ಟನ್‌ಗೆ ತೋರಿಸಿದೆ. ಅವನು ಕ್ಯಾಲೆಂಡರನ್ನೇ ತುಂಬ ಹೊತ್ತು ನೋಡಿದ.

“ಹಾಗೇನಿಲ್ಲ ಟೀಚರ್. ನಮಗೆ ಡೆತ್ ಓವರ್ ಬೌಲಿಂಗ್ ಸಮಸ್ಯೆ.”

ಖರ್ಚಿನ ಲೆಕ್ಕವನ್ನೂ ತೆಗೆದಿದ್ದೆ. ಪ್ರವೇಶ ಶುಲ್ಕ 21,500, ಪಿಕಪ್ಪಿನ ಡೀಸೆಲು 6,200, ಚೆಂಡು 2,800. ಬಂದದ್ದು: ಒಂದು ಪ್ರಥಮ, ಒಂದು ದ್ವಿತೀಯ ಸೇರಿ 15,000, ಸಿಕ್ಸರಿಗೆಂದು ದಾನಿಗಳು ಮೈಕಿನಲ್ಲಿ ಹೆಸರು ಹೇಳಿಸಿಕೊಂಡು ಕೊಟ್ಟದ್ದು 1,300. ಕೈಬಿಟ್ಟದ್ದು 14,200. ಇದಕ್ಕಾದರೂ ಏನಾದರೂ ಹೇಳುತ್ತಾನೆಂದುಕೊಂಡೆ. “ಚಾ, ಬನ್ಸಿನದ್ದು ಸೇರಿಸ್ಲಿಲ್ವಾ?” ಎಂದ.

ಮೇ, ಪತ್ತನಾಜೆಗೆ ಮೊದಲಿನ ಭಾನುವಾರ

ತುಳುವಿನ ಬೇಶ ತಿಂಗಳ ಹತ್ತಕ್ಕೆ ಪತ್ತನಾಜೆ. ಅಂದಿಗೆ ಯಕ್ಷಗಾನದವರು ಗೆಜ್ಜೆ ಬಿಚ್ಚುತ್ತಾರೆ, ಕೋಲ, ಜಾತ್ರೆ ನಿಲ್ಲುತ್ತವೆ, ಮೋಡ ಬಂದು ಗುಡ್ಡದ ಮೇಲೆ ಕೂತಿರುತ್ತದೆ. ಇಂದಿನದು ವರ್ಷದ ಕೊನೆಯ ಪಂದ್ಯಾಟ. ಜೊತೆಗೆ ಭಾರೀ ಮುಹೂರ್ತ. ಗದ್ದೆಯಿಂದ ಒಂದು ಕಿಲೋಮೀಟರಿನ ಹಾಲಿನಲ್ಲೇ ಮದುವೆ, ಓಲಗದ ಸದ್ದು ಮೈಕಿನ ಸಂದಿಯಲ್ಲಿ ಕೇಳುತ್ತಿತ್ತು.

ನಾಲ್ಕು ಓವರಿಗೆ 37 ಬೇಕು. ಎರಡು ವಿಕೆಟ್ ಬಿದ್ದು 9 ಆಗಿದ್ದಾಗ ತೋಟದ ದಾರಿಯಲ್ಲಿ ಬೈಕು ಬಂತು. ಕ್ಯಾಟರಿಂಗ್ ಒಂದು. ತಲೆಗೆ ನೆಟ್ಟಿನ ಟೊಪ್ಪಿ, ಬಿಳಿ ಅಂಗಿಯ ಎದೆಗೆ ಸಾರಿನ ಕಲೆ. ಮೊದಲ ಹಂತಿ ಬಡಿಸಿ ಬಂದಿದ್ದಾನೆ, ಎರಡನೇ ಹಂತಿಗೆ ಎಲೆ ಹಾಕುವಷ್ಟರಲ್ಲಿ ಹಿಂದೆ ಹೋಗಬೇಕು. ಪ್ಯಾಂಟಿನ ಕಾಲು ಮಡಚಿ, ಟೊಪ್ಪಿ ತೆಗೆಯಲೂ ಮರೆತು ಬ್ಯಾಟು ಹಿಡಿದ. ಎಂಟು ಚೆಂಡು, ಹದಿನೇಳು ರನ್ನು. ಒಂದು ತೋಡಿಗೆ, ನೇರವಾಗಿಯೇ. ಆಮೇಲೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನೋಡಿದ, ಬ್ಯಾಟನ್ನು ಕ್ಯಾಪ್ಟನ್ನಿನ ಮಾವನ ಕೈಗಿತ್ತು, ಬೈಕು ಹತ್ತಿ ಹೋದ.

ಆಟ ನಿಂತಿತು. ಎದುರು ತಂಡದ ಕ್ಯಾಪ್ಟನ್ ಓಡಿ ನನ್ನ ಮೇಜಿಗೇ ಬಂದ. “ಔಟ್ ಬರೀರಿ ಟೀಚರ್.” ನಮ್ಮವನು ಹಿಂದೆಯೇ ಬಂದ. “ಔಟ್ ಹೇಗೆ ಆಗ್ತದೆ ಮಾರಾಯ? ಪಾಯಸ ಬಡಿಸಿ ಬರ್ತಾನೆ ಅವ.” ನಿಯಮದ ಪುಸ್ತಕ ನಾನು ಓದಿದ್ದೆನಲ್ಲ. ಕಾಯಿಲೆ, ಗಾಯ ಅಥವಾ ಬೇರಾವುದೇ ಅನಿವಾರ್ಯ ಕಾರಣದಿಂದ ಹೊರಗೆ ಹೋದವನು ಮರಳಿ ಬಂದು ಆಡಬಹುದು. ಬೇರೆ ಕಾರಣಕ್ಕಾದರೆ ಎದುರು ಕ್ಯಾಪ್ಟನ್ ಒಪ್ಪಬೇಕು, ಇಲ್ಲದಿದ್ದರೆ ಔಟು. ಅಷ್ಟನ್ನು ಹೇಳಿದೆ. ಪಾಯಸ ಅನಿವಾರ್ಯ ಕಾರಣವೋ ಅಲ್ಲವೋ ಎನ್ನುವುದಕ್ಕೆ ಚರ್ಚೆ ಹೊರಳಿತು. ಮೈಕಿನವನು ಪ್ರೇಕ್ಷಕರ ಅಭಿಪ್ರಾಯ ಕೇಳಿದ. “ಎಂತ ಪಾಯಸ?” ಎಂದು ಗುಂಪಿನಿಂದ ಒಬ್ಬರು ಕೂಗಿದರು. ಹೋಳಿಗೆ ಮತ್ತು ಕಡ್ಲೆಬೇಳೆ ಪಾಯಸ ಎಂದು ಗೊತ್ತಾದ ಮೇಲೆ ಎದುರು ಕ್ಯಾಪ್ಟನ್ನಿನ ಮುಖ ಸ್ವಲ್ಪ ಸಡಿಲಾಯಿತು. ಮಳೆಗಿಂತ ಮೊದಲು ಬಂದರೆ ಆಡಲಿ, ಬರುವಾಗ ಖಾಲಿ ಕೈಯಲ್ಲಿ ಬರಬಾರದು ಎಂದು ತೀರ್ಮಾನ ಆಯಿತು.

ಆಟ ಮುಂದುವರಿಯಿತು. ಅವನು ಬರುವಷ್ಟರಲ್ಲಿ ನಾಲ್ಕೂ ಓವರು ಮುಗಿದು ಎರಡು ರನ್ನಿಗೆ ಸೋತಾಗಿತ್ತು. ಬೈಕಿನ ಹ್ಯಾಂಡಲಿಗೆ ಮುಚ್ಚಳದ ಸ್ಟೀಲ್ ಬಕೆಟ್ಟು ನೇತಾಡುತ್ತಿತ್ತು. ಎರಡೂ ತಂಡ, ಅಂಪೈರು, ಮೈಕಿನವ ಎಲ್ಲರೂ ಕಟ್ಟಪುಣಿಯ ಮೇಲೆ ಕೂತು ಪೇಪರ್ ಲೋಟದಲ್ಲಿ ಕುಡಿದೆವು. ದೊಡ್ಡ ಹನಿ ನಾಲ್ಕು ಬಿದ್ದವು.

ಪುಸ್ತಕದಲ್ಲಿ ‘ಔಟಾದ ಬಗೆ’ ಎನ್ನುವ ಕಾಲಮ್ಮು ಇನ್ನೂ ಖಾಲಿ ಇತ್ತು. ಪೆನ್ಸಿಲಿನಲ್ಲಿ ‘ಪಾಯಸ’ ಎಂದು ಬರೆದೆ. ಕ್ಯಾಪ್ಟನ್ ಭುಜದ ಹಿಂದಿನಿಂದ ಬಗ್ಗಿ ನೋಡಿದ.

“ಹಾಗೆ ಬೇಡ ಟೀಚರ್, ಮುಂದಿನ ವರ್ಷ ನೋಡಿದವರು ಎಂತ ಹೇಳಿಯಾರು? ‘ಎರಡನೇ ಹಂತಿ’ ಅಂತ ಬರೀರಿ.”