ರಬ್ಬರ್ ಹುಳು ಮತ್ತು ಕೆಂಪು ಮರಿಗಳು

ಗುಂಡ್ಲುಪೇಟೆಯಲ್ಲಿ ನಿಂತವರಿಗೆ ಮೂರು ರಾಜ್ಯಗಳ ಗಾಳಿ ಒಟ್ಟಿಗೆ ತಾಗುತ್ತದೆ. ಒಂದು ರಸ್ತೆ ಬಂಡೀಪುರ ಹೊಕ್ಕು ಊಟಿಗೆ ಏರುತ್ತದೆ. ಇನ್ನೊಂದು ಮೂಲೆಹೊಳೆ ದಾಟಿ ವಯನಾಡಿಗೆ, ಮತ್ತೊಂದು ನಂಜನಗೂಡಿನ ಮೇಲೆ ಮೈಸೂರಿಗೆ. ನಾಲ್ಕನೆಯದು ತೆರಕಣಾಂಬಿಯ ಮೂಲಕ ಚಾಮರಾಜನಗರಕ್ಕೆ. ಪ್ರವಾಸಿಗರೆಲ್ಲ ಮೊದಲ ಮೂರನ್ನು ಹಿಡಿಯುತ್ತಾರೆ. ನಾಲ್ಕನೆಯದು ಸಂತೆಗೆ, ಕಚೇರಿಗೆ, ಮದುವೆ ಮನೆಗೆ ಹೋಗುವವರ ದಾರಿ. ಆದರೆ ಹುಲಿ ಆನೆಗಳಿಗಿಂತ ನೀರು ನೋಡುವ ಆಸೆ ಇದ್ದವರಿಗೆ ಈ ನಾಲ್ಕನೆಯ ದಾರಿಯೇ ಸರಿ.

ದಸರಾ ರಜೆಯ ಒಂದು ಮುಂಜಾನೆ ಈ ದಾರಿಯಲ್ಲಿ ಹೊರಟವರು ಗುಂಡ್ಲುಪೇಟೆಯ ಒಬ್ಬ ಗೃಹಸ್ಥರು ಮತ್ತು ಒಂಬತ್ತನೆಯ ತರಗತಿಯಲ್ಲಿ ಓದುವ ಅವರ ಮಗಳು. ಬೈಕಿನ ಹಿಂಬದಿಯಲ್ಲಿ ಕುಳಿತ ಹುಡುಗಿಯ ಕೈಯಲ್ಲಿ ಬಟ್ಟೆ ಚೀಲ ಹೊದಿಸಿದ ಎರಡು ತುಂಡಿನ ತೆಳುವಾದ ಗಾಳದ ಕೋಲು. ಬ್ಯಾಗಿನಲ್ಲಿ ಒಂದು ಟಿಫಿನ್ ಡಬ್ಬಿ. ಡಬ್ಬಿಯಲ್ಲಿದ್ದದ್ದು ಚಿತ್ರಾನ್ನವಲ್ಲ, ಬೆರಳುದ್ದದ ರಬ್ಬರ್ ಹುಳುಗಳು. ಕಂದು, ಹಸಿರು, ಒಂದೆರಡು ಕಡು ನೇರಳೆ. ಬೆಂಗಳೂರಿನ ಚಿಕ್ಕಪ್ಪ ಕಳಿಸಿದ್ದು. ಮುಟ್ಟಿದರೆ ಅಗಾರ್ ಜೆಲ್ಲಿಯಂತೆ ನಡುಗುವ ಇವನ್ನು ಕಂಡು ಮನೆಯಲ್ಲಿ ಅಜ್ಜಿ ಎರಡು ಮಾರು ದೂರ ಸರಿದಿದ್ದರಂತೆ.

ರಬ್ಬರ್ ಎನ್ನುವುದು ಬಾಯಿಮಾತು. ವಾಸ್ತವದಲ್ಲಿ ಇದು ನೀರಿನ ಕೊಳವೆ ಮಾಡುವ ಪಿ.ವಿ.ಸಿ.ಯೇ. ಅದಕ್ಕೆ ಎಣ್ಣೆಯಂಥ ಮೆದುಗೊಳಿಸುವ ರಾಸಾಯನಿಕ ಬೆರೆಸಿ, ಬಿಸಿ ಮಾಡಿ ಅಚ್ಚಿಗೆ ಸುರಿಯುತ್ತಾರೆ. ಅಮೆರಿಕದ ಓಹಿಯೋ ರಾಜ್ಯದ ಏಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಎಂಬಾತ 1949ರಲ್ಲಿ ಮನೆಯ ಒಲೆಯ ಮೇಲೆ ಇಂಥ ಹುಳುವನ್ನು ಕಾಯಿಸಿ ಎರಕ ಹೊಯ್ದ. ಆತನ ಗುರಿ ಅಲ್ಲಿನ ಬಾಸ್ ಮೀನು. ದೊಡ್ಡ ಬಾಯಿಯ, ಜೊಂಡಿನ ಮರೆಯಲ್ಲಿ ಹೊಂಚು ಹಾಕುವ ಬೇಟೆಗಾರ ಮೀನು ಅದು. ನಮ್ಮ ಕೆರೆಗಳಲ್ಲಿ ಅದಿಲ್ಲ, ಇರದಿದ್ದರೇ ಒಳ್ಳೆಯದು. ಜಪಾನಿಗೆ 1925ರಲ್ಲಿ ಅದನ್ನು ಆಟಕ್ಕೆಂದು ಒಯ್ದು ಒಂದು ಸರೋವರಕ್ಕೆ ಬಿಟ್ಟರು. ಅಲ್ಲಿಂದ ಅದು ದೇಶದ ತುಂಬ ಹರಡಿ ನಾಡಮೀನುಗಳನ್ನು ತಿನ್ನತೊಡಗಿದಾಗ ಅದರ ಸಾಗಣೆಯನ್ನು ತಡೆಯಲು ಕಾನೂನೇ ಬೇಕಾಯಿತು. ಬಾಸ್ ಮಾಡುವ ಕೆಲಸವನ್ನು ನಮ್ಮ ಕೆರೆಗಳಲ್ಲಿ ಮಾಡುವುದು ಕೊರವ ಮೀನು. ಹಾವಿನಂಥ ತಲೆ, ಉರುಳೆಯಂಥ ಮೈ. ಊರಿಂದೂರಿಗೆ ಹೆಸರು ಬದಲಾಗುತ್ತದೆ. ಮುರಲು ಎನ್ನುವವರೂ ಇದ್ದಾರೆ.

ತೆರಕಣಾಂಬಿ ದಾಟುವಾಗ ಎಡಬಲದಲ್ಲಿ ಅರಿಸಿನ, ಬಾಳೆ, ಈರುಳ್ಳಿ. ಜೂನ್ ಜುಲೈನಲ್ಲಾದರೆ ಗುಂಡ್ಲುಪೇಟೆಯ ಸುತ್ತ ಸೂರ್ಯಕಾಂತಿ ಅರಳಿ, ಕೇರಳದ ಕಾರುಗಳು ರಸ್ತೆ ಬದಿಗೆ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುವ ಕಾಲ. ಈ ಸೀಮೆ ಮಳೆಯ ನೆರಳಿನದು. ಬಾವಿ ಬತ್ತಿದ ಕಥೆ ಹೇಳದ ಹಿರಿಯರು ಇಲ್ಲಿ ಸಿಗುವುದು ಕಷ್ಟ. ಕಬಿನಿಯ ನೀರನ್ನು ಆಲಂಬೂರು ಏತ ನೀರಾವರಿಯಿಂದ ಮೇಲೆತ್ತಿ ಕೆರೆ ತುಂಬಿಸತೊಡಗಿದ ಮೇಲೆ ಎಷ್ಟೋ ಕೆರೆಗಳ ಅಂಗಳದಲ್ಲಿ ಜಾಲಿಯ ಬದಲು ಜೊಂಡು ಕಾಣುತ್ತಿದೆ. ನೀರು ಬಂದಲ್ಲಿ ಕೊಕ್ಕರೆ ಬಂತು, ಬಿತ್ತನೆ ಮರಿ ಬಂತು, ಗಾಳವೂ ಬಂತು.

ಚಾಮರಾಜನಗರದಲ್ಲಿ ಇಡ್ಲಿ ತಿಂದು, ಸತ್ಯಮಂಗಲದ ರಸ್ತೆ ಹಿಡಿದು ಅಟ್ಟುಗೂಳಿಪುರದ ಕಡೆ ಸಾಗಿದರೆ ಸುವರ್ಣಾವತಿ ಜಲಾಶಯ. ಪಕ್ಕದಲ್ಲೇ ಅದರ ಜೋಡಿ ಚಿಕ್ಕಹೊಳೆ. ಸುವರ್ಣಾವತಿಗೆ ಹಳಬರ ಹೆಸರು ಹೊನ್ನುಹೊಳೆ. ಯಳಂದೂರಿನ ಮೇಲೆ ಹರಿದು ಮುಂದೆ ಕಾವೇರಿಯನ್ನು ಸೇರುತ್ತದೆ. ಹಿನ್ನೀರಿನ ಆಚೆ ಬಿಳಿಗಿರಿರಂಗನ ಬೆಟ್ಟದ ಸಾಲು ಮಂಜಿನಲ್ಲಿ ನೀಲಿಯಾಗಿ ನಿಂತಿರುತ್ತದೆ. ಆ ಕಾಡು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅದರ ಒಳಗಾಗಲಿ ಬಂಡೀಪುರದ ಒಳಗಾಗಲಿ ಗಾಳ ಹಾಕುವ ಮಾತೇ ಇಲ್ಲ. ಹೊರಗಿನ ಕೆರೆ, ಜಲಾಶಯಗಳಲ್ಲೂ ಮೀನು ಯಾರಪ್ಪನ ಮನೆಯದೂ ಅಲ್ಲ ಎಂದುಕೊಂಡು ಹೋಗುವಂತಿಲ್ಲ. ಮೀನು ಹಿಡಿಯುವ ಹಕ್ಕು ಗುತ್ತಿಗೆಯದೋ ಮೀನುಗಾರರ ಸಹಕಾರ ಸಂಘದ್ದೋ ಆಗಿರುತ್ತದೆ. ತಂದೆ ಹಿಂದಿನ ವಾರವೇ ಬಂದು ಕೇಳಿ ಹೋಗಿದ್ದರು. ಹಿಡಿದದ್ದನ್ನು ನೀರಿಗೇ ಬಿಡುತ್ತೇವೆ ಎಂದಾಗ ಸಂಘದವರು ನಕ್ಕು, ಹಾಗಾದರೆ ಹಿಡಿಯುವುದೇಕೆ ಎಂದರಂತೆ. ನ್ಯಾಯವಾದ ಪ್ರಶ್ನೆ.

ದಡದಲ್ಲಿ ಆಗಲೇ ಒಬ್ಬ ಹಿರಿಯರು ಬಿದಿರಿನ ಕೋಲು, ನೈಲಾನ್ ದಾರ, ಬೆಂಡು ಹಿಡಿದು ಕುಳಿತಿದ್ದರು. ಪಕ್ಕದ ತೆಂಗಿನ ಚಿಪ್ಪಿನಲ್ಲಿ ಎರೆಹುಳು. ಚೀಲದಲ್ಲಿ ಆಗಲೇ ಅಂಗೈ ಅಗಲದ ನಾಲ್ಕು ಜಿಲೇಬಿ ಮೀನು. ಹುಡುಗಿ ಟಿಫಿನ್ ಡಬ್ಬಿ ತೆರೆದಾಗ ಅವರು ಬಗ್ಗಿ ನೋಡಿದರು.

“ಇದೇನವ್ವ, ಹಸದಿರೋ ಮೀನ್ಗೆ ರಬ್ಬರ್ ತಿನ್ನುಸ್ತೀಯಾ?”

“ತಿನ್ಸಲ್ಲ ತಾತ, ಬರೀ ತೋರ್ಸದು,” ಎಂದಳು ಹುಡುಗಿ.

“ತೋರ್ಸಿ ಕೊಡ್ದೆ ಇರದಾ? ಅದಿನ್ನೂ ಪಾಪ ಕನವ್ವ,” ಎಂದು ಅವರು ಬೆಂಡಿನ ಕಡೆ ತಿರುಗಿಕೊಂಡರು.

ಇಲ್ಲಿಂದ ಮುಂದೆ ಅರ್ಧ ಗಂಟೆ ನಡೆದದ್ದು ಪ್ರಯೋಗಾಲಯದ ಪಾಠವೇ. ಮೆತ್ತನೆಯ ಹುಳುವಿನ ಗುಟ್ಟು ಹುಳುವಿನಲ್ಲಿಲ್ಲ, ಅದನ್ನು ಗಾಳಕ್ಕೆ ಪೋಣಿಸುವುದರಲ್ಲಿದೆ. ಎರೆಹುಳುವಿಗೆ ವಾಸನೆಯಿದೆ, ಜೀವವಿದೆ. ಹೇಗೆ ಚುಚ್ಚಿದರೂ ಅದು ಮಿಸುಕುತ್ತದೆ. ಪ್ಲಾಸ್ಟಿಕ್ಕಿಗೆ ಜೀವ ಬರಬೇಕಾದರೆ ಅದು ನೀರಿನಲ್ಲಿ ಬೀಳುವ ರೀತಿಯಿಂದಲೇ ಬರಬೇಕು.

ಜೊಂಡು, ತಾವರೆ ಇರುವ ಕಡೆಗೆ ಟೆಕ್ಸಾಸ್ ಜೋಡಣೆ. ಗುಂಡಿನ ತುದಿಯಂಥ ಸಣ್ಣ ತೂಕವನ್ನು ಮೊದಲು ದಾರಕ್ಕೆ ಪೋಣಿಸಿ, ಆಮೇಲೆ ಗಾಳ ಕಟ್ಟಬೇಕು. ಗಾಳದ ಮೊನೆಯನ್ನು ಹುಳುವಿನ ಮೂತಿಯಲ್ಲಿ ನೇರವಾಗಿ ಅರ್ಧ ಸೆಂಟಿಮೀಟರ್ ಇಳಿಸಿ ಪಕ್ಕಕ್ಕೆ ಹೊರತೆಗೆಯಬೇಕು. ಹುಳುವನ್ನು ಗಾಳದ ಕಣ್ಣಿನವರೆಗೆ ಎಳೆದು, ಗಾಳವನ್ನು ಅರ್ಧ ಸುತ್ತು ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಮೈಯೊಳಗೇ ಮರೆಮಾಡಬೇಕು. ಮೊನೆ ಹೊರಗೆ ಕಾಣದ್ದರಿಂದ ಜೊಂಡಿಗೆ ಸಿಕ್ಕುವುದಿಲ್ಲ; ಮೀನು ಕಚ್ಚಿದಾಗ ಮೆದು ಪ್ಲಾಸ್ಟಿಕ್ ಅದುಮಿ ಮೊನೆ ಹೊರಬರುತ್ತದೆ. ಹುಡುಗಿ ಎಡವಿದ್ದು ಕೊನೆಯ ಹಂತದಲ್ಲಿ. ಮೊನೆಯನ್ನು ಅಂದಾಜಿನ ಮೇಲೆ ಚುಚ್ಚಿದ್ದರಿಂದ ಹುಳು ಗೂನುಬೆನ್ನಾಯಿತು. ಗೂನಾದ ಹುಳು ನೀರಿನಲ್ಲಿ ಬುಗುರಿಯಂತೆ ಸುತ್ತುತ್ತದೆ, ದಾರವೆಲ್ಲ ಮುರಿಚುತ್ತದೆ. ಚುಚ್ಚುವ ಮೊದಲು ಗಾಳವನ್ನು ಹುಳುವಿನ ಪಕ್ಕಕ್ಕೆ ಹಿಡಿದು, ಬಾಗು ಎಲ್ಲಿಗೆ ಬರುತ್ತದೆಂದು ಉಗುರಿನಿಂದ ಗುರುತು ಮಾಡಿಕೊಂಡರೆ ಆಯಿತು. ಮೂರನೆಯ ಸಲಕ್ಕೆ ನೆಟ್ಟಗೆ ಬಂತು.

ಜಲಾಶಯದ ತಿಳಿನೀರಿಗೆ ಇಷ್ಟು ಮರೆಮಾಚಬೇಕಿಲ್ಲ. ಹುಳುವಿನ ನಟ್ಟನಡುವೆ ಅಡ್ಡಲಾಗಿ ಸಣ್ಣ ಗಾಳವೊಂದನ್ನು ಚುಚ್ಚಿದರೆ ಸಾಕು, ತೂಕವೇ ಬೇಡ. ನೋಡಲು ನಗು ಬರುತ್ತದೆ, ಬಟ್ಟೆ ಒಣಹಾಕಿದಂತೆ ಎರಡು ತುದಿ ಜೋತು ಬಿದ್ದಿರುತ್ತವೆ. ಆದರೆ ನೀರಿಗೆ ಬಿಟ್ಟಾಗ ಎರಡು ತುದಿಗಳೂ ರೆಕ್ಕೆಯಂತೆ ಬಡಿಯುತ್ತ ನಿಧಾನವಾಗಿ ಇಳಿಯುತ್ತವೆ. ಹುಳುವಿನ ಪ್ಲಾಸ್ಟಿಕ್ಕಿನಲ್ಲಿ ಪುಡಿ ಉಪ್ಪು ಬೆರೆಸಿರುವುದು ರುಚಿಗಷ್ಟೇ ಅಲ್ಲ, ಸಾಂದ್ರತೆಗೆ. ಉಪ್ಪಿಲ್ಲದ ಹುಳು ನೀರಿನಷ್ಟೇ ಹಗುರಾಗಿ ತೇಲಾಡಬಹುದು, ಉಪ್ಪಿನದು ಮುಳುಗುತ್ತದೆ. ಆರ್ಕಿಮಿಡೀಸನನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಮಕ್ಕಳಿಗೆ ಒಂದು ಬಕೆಟ್ ನೀರು, ಎರಡು ಹುಳು ಕೊಟ್ಟು ನೋಡಬೇಕು. ಹೀಗೆ ಸಣ್ಣ ಗಾಳ, ತೆಳು ದಾರ, ಕಡಿಮೆ ತೂಕದಿಂದ ಹುಷಾರಾದ ಮೀನನ್ನು ಮರುಳು ಮಾಡುವ ವಿಧಾನಕ್ಕೆ ಫಿನೆಸ್ ಎಂದು ಹೆಸರು. ನಾಜೂಕು ಎಂದರೆ ನಮಗೆ ಅರ್ಥವಾದೀತು.

ನಾಜೂಕಿಗೆ ಲೆಕ್ಕವಿದೆ. ಹುಡುಗಿಯ ದಾರ ಆರು ಪೌಂಡಿನದು, ಎಂದರೆ ಸುಮಾರು 2.7 ಕಿಲೋ ಭಾರಕ್ಕೆ ಹರಿಯುವಂಥದು. ಅದರಲ್ಲಿ ಅದಕ್ಕಿಂತ ತೂಕದ ಮೀನನ್ನೂ ದಡಕ್ಕೆ ತರಬಹುದು. ನೀರೇ ಮೀನಿನ ಭಾರ ಹೊರುತ್ತದೆ. ಬಾಗುವ ಕೋಲು ಅದು ಜಗ್ಗುವ ಜಗ್ಗಾಟವನ್ನು ನುಂಗುತ್ತದೆ. ಮಿತಿ ಮೀರಿದರೆ ರೀಲಿನ ಬಿಗಿ ಸಡಿಲಾಗಿ ದಾರ ಹೊರಗೋಡುತ್ತದೆ. ದಾರ ಹರಿಯುವುದು ಹೆಚ್ಚಾಗಿ ಗಂಟಿನಲ್ಲಿ. ಒಣ ಗಂಟನ್ನು ಎಳೆದು ಬಿಗಿದರೆ ಘರ್ಷಣೆಯ ಶಾಖಕ್ಕೆ ನೈಲಾನ್ ಬಲಗುಂದುತ್ತದೆ. ಅದಕ್ಕೇ ಬಾಯಲ್ಲಿ ಒದ್ದೆ ಮಾಡಿ ಬಿಗಿಯಬೇಕು. ತಂದೆ ಇದನ್ನು ವಿವರಿಸುತ್ತಿದ್ದಾಗ ಬಿದಿರು ಕೋಲಿನ ತಾತ, ಯಾರೂ ಹೇಳಿಕೊಡದೆಯೇ, ತಮ್ಮ ಗಂಟಿಗೆ ಎಂಜಲು ಹಚ್ಚುತ್ತಿದ್ದರು.

ತೂಕದ ಮಾತಿನಲ್ಲಿ ಒಂದು ಎಚ್ಚರಿಕೆ. ಅಗ್ಗದ ಗುಂಡುಗಳು ಸೀಸದವು. ಸೀಸ ವಿಷ, ನೀರಿನ ತಳದಲ್ಲಿ ಕಳೆದುಹೋದ ಗುಂಡುಗಳನ್ನು ಕಲ್ಲೆಂದು ನುಂಗುವ ನೀರುಹಕ್ಕಿಗಳು ಸಾಯುತ್ತವೆ. ಟಂಗ್‌ಸ್ಟನ್ ಗುಂಡು ದುಬಾರಿ. ಆದರೆ ಅದರ ಸಾಂದ್ರತೆ 19.3, ಸೀಸದ್ದು 11.3. ಅಷ್ಟೇ ತೂಕಕ್ಕೆ ಗಾತ್ರ ಕಿರಿದು, ನಾಜೂಕಿಗೂ ಅದೇ ಮೇಲು.

ಬೆಳಗಿನ ಫಲ, ಗೇಣುದ್ದದ ಎರಡು ಮೀನು. ಕೈ ಒದ್ದೆ ಮಾಡಿಕೊಂಡು ಹಿಡಿದು ಬಿಟ್ಟರು. ಒಣ ಕೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತುಹೋಗಿ ರೋಗಕ್ಕೆ ದಾರಿಯಾಗುತ್ತದೆ. ಗಾಳದ ಹಿಂಮುಳ್ಳನ್ನು ಇಕ್ಕಳದಿಂದ ಮೊದಲೇ ಅದುಮಿದ್ದರಿಂದ ಬಿಡಿಸುವುದು ಕ್ಷಣದ ಕೆಲಸ. ತಾತನ ಚೀಲದಲ್ಲಿ ಅಷ್ಟು ಹೊತ್ತಿಗೆ ಹನ್ನೊಂದು. ಮಧ್ಯಾಹ್ನ ಕಳೆಯುತ್ತಲೇ ಅವರೂ ಎದ್ದರು. ಬಿಸಿಲಿಳಿದರೆ ಹಿನ್ನೀರಿಗೆ ಆನೆ ಬರುವ ಜಾಗ ಅದು.

ಹಿಂತಿರುಗುವಾಗ ಗುಂಡ್ಲುಪೇಟೆ ಸೀಮೆಯಲ್ಲಿ ಒಂದು ಕೆರೆ. ಹೆಸರು ಬೇಡ, ಬರೆದರೆ ಮುಂದಿನ ಭಾನುವಾರ ಅಲ್ಲಿ ಗಾಳದ ಜಾತ್ರೆ ನೆರೆದೀತು. ಇಲ್ಲಿ ನೀರು ಮೊಣಕಾಲುದ್ದ, ಅರ್ಧ ಕೆರೆ ಜೊಂಡು. ಕೊರವದ ಜಾಗ. ಅದಕ್ಕೆ ಕಿವಿರಿನ ಜೊತೆ ತಲೆಯಲ್ಲಿ ಗಾಳಿ ಹಿಡಿಯುವ ಕೋಣೆಯೂ ಉಂಟು. ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ಆ ‘ಗುಳುಕ್’ ಸದ್ದೇ ಗಾಳದವನಿಗೆ ವಿಳಾಸ. ಹಿಂದೆ ಇದಕ್ಕೆ ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುತ್ತಿದ್ದರು. ಗದ್ದೆಯ ಕೀಟ ತಿನ್ನುವ ಕಪ್ಪೆಗಳು ಹೊರದೇಶಗಳ ಊಟದ ಮೇಜಿಗೆ ಹೋಗಿ ಕರಗಿದ್ದು ಸಾಕೆಂದು 1987ರಲ್ಲಿ ಕಪ್ಪೆಕಾಲಿನ ರಫ್ತನ್ನೇ ದೇಶ ನಿಲ್ಲಿಸಿತು. ಅದೇ ಕಪ್ಪೆಯನ್ನು ಗಾಳಕ್ಕೆ ಬಲಿ ಕೊಡುವ ಅಗತ್ಯ, ರಬ್ಬರ್ ಹುಳು, ರಬ್ಬರ್ ಕಪ್ಪೆ ಬಂದ ಮೇಲೆ, ಖಂಡಿತ ಇಲ್ಲ.

ಹುಡುಗಿ ಜೊಂಡಿನ ಅಂಚಿಗೆ ಕೋಲು ಬೀಸಲು ಎತ್ತಿದ್ದಳು. ಅಷ್ಟರಲ್ಲಿ ನೀರಿನ ಮೇಲೆ ತಟ್ಟೆಯಗಲ ಕೆಂಪು ಕಂಡಿತು. ಯಾರೋ ಕುಂಕುಮ ಚೆಲ್ಲಿದಂತೆ. ಆ ಕೆಂಪು ನಿಂತಲ್ಲಿ ನಿಲ್ಲದೆ ಕುದಿಯುತ್ತಿತ್ತು, ಮಳೆಹನಿ ಬಿದ್ದಂತೆ ಸಣ್ಣ ಸಣ್ಣ ಉಂಗುರ ಏಳುತ್ತಿದ್ದವು. ನೂರಾರು ಮರಿಗಳು, ಒಂದೊಂದೂ ಬತ್ತದ ಕಾಳಿಗಿಂತ ಸ್ವಲ್ಪ ಉದ್ದ.

“ಅಪ್ಪಾ, ಅದರ ಪಕ್ಕಕ್ಕೇ ಹಾಕ್ಲಾ? ದೊಡ್ಡದು ಕೆಳಗೇ ಇರುತ್ತೆ, ಗ್ಯಾರಂಟಿ ಕಚ್ಚುತ್ತೆ.”

ಅವಳ ಮಾತು ನೂರಕ್ಕೆ ನೂರು ಸರಿ. ಕೊರವ ಜೋಡಿ ಮರಿಗಳನ್ನು ವಾರಗಟ್ಟಲೆ ಕಾಯುತ್ತದೆ. ಮರಿಗಳು ಗಾಳಿಗೆಂದು ಮೇಲೆ ಬಂದಾಗ ಅವು ಕೆಳಗೆ ಪಹರೆ. ಹತ್ತಿರ ಬಂದದ್ದು ಹಾವೋ ಕಪ್ಪೆಯೋ ರಬ್ಬರೋ ಎಂದು ಯೋಚಿಸದೆ ಮೇಲೆ ಬೀಳುತ್ತವೆ. ಅದು ಹಸಿವಿನ ಕಚ್ಚುವಿಕೆಯಲ್ಲ. ಬೆಳಗ್ಗೆ ಮೀನಿನ ಹಸಿವನ್ನು ಮರುಳು ಮಾಡಲು ಅಷ್ಟೊಂದು ಗಂಟು, ಅಷ್ಟೊಂದು ಲೆಕ್ಕ ಬೇಕಾಗಿತ್ತು. ಇಲ್ಲಿ ಏನೂ ಬೇಡ, ಕಡ್ಡಿಯೆಸೆದರೂ ಸಿಕ್ಕುತ್ತದೆ. ಹಿಡಿದು ಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಆ ಐದು ನಿಮಿಷದಲ್ಲಿ ಸುತ್ತಲಿನ ಮೀನುಗಳಿಗೆ, ನೀರುಕಾಗೆಗೆ ಮರಿಗಳು ಹುರಿಗಡಲೆ. ದಣಿದ ತಾಯಿ ತಿರುಗಿ ಬರುವಷ್ಟರಲ್ಲಿ ಕಾಯಲು ಏನು ಉಳಿದೀತು?

ತಂದೆ ಇದನ್ನು ಹೇಳಿದ್ದು ಎರಡೇ ಮಾತಿನಲ್ಲಿ. ಹುಡುಗಿಗೆ ಸಿಟ್ಟು ಬಂತು. ಇಡೀ ದಿನ ಕಾದು, ದೊಡ್ಡ ಮೀನು ಹತ್ತು ಅಡಿ ದೂರದಲ್ಲಿರುವಾಗ ಬೇಡ ಎಂದರೆ ಯಾರಿಗೆ ಬರುವುದಿಲ್ಲ? ಕೋಲು ಕೆಳಗಿಳಿಸಲು ಅವಳಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಹುಳುವನ್ನು ಗಾಳದಿಂದ ಬಿಡಿಸಿದಳು. ಬೆಳಗಿನಿಂದ ಹರಿದ ಎರಡು ಹುಳುಗಳ ತುಂಡುಗಳೂ ಜೇಬಿನಲ್ಲಿದ್ದವು. ನೀರಿಗೆ ಬಿದ್ದರೆ ಅವು ಕರಗುವುದಿಲ್ಲ, ನುಂಗಿದ ಮೀನಿನ ಹೊಟ್ಟೆಯಲ್ಲಿ ಊದಿಕೊಂಡು ಕೂರುತ್ತವೆ. ಎಲ್ಲವನ್ನೂ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಆಮೇಲೆ ಇಬ್ಬರೂ ಏರಿಯ ಮೇಲೆ ಕುಳಿತರು. ಕೆಂಪು ತಟ್ಟೆ ಜೊಂಡಿನ ಒಂದು ಸಂದಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಯುತ್ತಿತ್ತು. ಒಮ್ಮೆ ಅದರ ಪಕ್ಕದಲ್ಲಿ ಕಪ್ಪು ತಲೆಯೊಂದು ಎದ್ದು, ಗಾಳಿ ನುಂಗಿ, ಇಳಿಯಿತು. ಹುಡುಗಿ ಗಡಿಯಾರ ನೋಡಿಕೊಂಡಳು, ಮುಂದಿನ ಸಲ ಎಷ್ಟು ಹೊತ್ತಿಗೆ ಬರುತ್ತದೆಂದು. ಕತ್ತಲಾಗುತ್ತಿದೆ, ಹೊರಡೋಣ ಎಂದು ತಂದೆ ಎರಡು ಸಲ ಕರೆದರು. “ಇರಿ ಅಪ್ಪಾ, ಇನ್ನೊಂದು ಸಲ ಬರಲಿ,” ಎಂದಳು.