ಸಿ ಸಿ ಸಿ ಅಂತ ಕರೆದ ಬೋರ್ಡು

ರಿಪೇರಿ ಅಂಗಡಿಯವರ ಬಾಯಲ್ಲಿ ಒಂದು ಮಾತು ಯಾವಾಗ್ಲೂ ರೆಡಿ ಇರತ್ತೆ ನೋಡಿ. "ಬೋರ್ಡ್ ಹೋಗಿದೆ ಮೇಡಂ, ಹೊಸದು ತಗೊಂಬಿಡಿ." ಟಿವಿ ಆಗ್ಲಿ, ಸೆಟ್ ಟಾಪ್ ಬಾಕ್ಸ್ ಆಗ್ಲಿ, ಅದೇ ಮಾತು. ನಾವೂ ಹೂಂ ಅಂದು ದುಡ್ಡು ಎಣಿಸಿ ಬರ್ತೀವಿ. ಕಳೆದ ತಿಂಗಳು ನನ್ನ ಮಗಳ ಬೋರ್ಡಿಗೂ ಇದೇ ತೀರ್ಪು ಬಂತು. ಅವಳು ಮಾತ್ರ ಹೂಂ ಅನ್ನಲಿಲ್ಲ.

ಕೊನೇ ವರ್ಷದ ಪ್ರಾಜೆಕ್ಟಿನ ಬೋರ್ಡು ಅದು. ಬೀಗಲ್‌ಬೋನ್ ಬ್ಲ್ಯಾಕ್ ಅಂತ ಹೆಸರು, ಅಂಗೈಯಷ್ಟೇ ಅಗಲ, 2013ರಲ್ಲಿ ಬಂದ ಮಾಡೆಲ್ಲು. ಕಾಲೇಜಲ್ಲಿ ಸಹಿ ಹಾಕಿ ತಂದಿದ್ಲು. ಹಾಳಾದ್ರೆ ದುಡ್ಡು ನಾವೇ ಕಟ್ಬೇಕು, ಸೋಮವಾರ ಬೆಳಿಗ್ಗೆ ಮೇಷ್ಟ್ರಿಗೆ ಬೇರೆ ತೋರಿಸ್ಬೇಕು. ಶುಕ್ರವಾರ ಸಂಜೆ ಅದಕ್ಕೆ ಹೊಸ ಸಾಫ್ಟ್‌ವೇರ್ ತುಂಬ್ತಾ ಇದ್ದಾಗ ಯಲಹಂಕದಲ್ಲಿ ಗುಡುಗು ಮಳೆ, ಕರೆಂಟು ಹೋಯ್ತು. ಬಂದ್ಮೇಲೆ ಪವರ್ ದೀಪ ಒಂದು ಹತ್ತಿತು, ಆ ಕಡೆ ಸಾಲಾಗಿರೋ ನಾಲ್ಕು ನೀಲಿ ದೀಪ ಮಿಟುಕಲೇ ಇಲ್ಲ. ಅಂಗಡಿಯವನು ಅಷ್ಟು ನೋಡಿ ಕೈ ಆಡಿಸಿಬಿಟ್ಟ.

ಶನಿವಾರ ರಾತ್ರಿ ಊಟ ಆದ್ಮೇಲೆ ಅವಳು ಬೋರ್ಡಿನ ಸೀರಿಯಲ್ ಪಿನ್ನುಗಳಿಗೆ ಒಂದು ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪಿಗೆ ಹಾಕಿದ್ಲು. ಕರೀ ಪರದೆ ಮೇಲೆ ಇಂಗ್ಲಿಷ್ ಅಕ್ಷರ ಸಿ ಬಂತು. ಸ್ವಲ್ಪ ಬಿಟ್ಟು ಇನ್ನೊಂದು ಸಿ. ಮತ್ತೊಂದು. "ಅಮ್ಮಾ, ಸತ್ತಿರೋದು ಮಾತಾಡಲ್ಲ" ಅಂದ್ಲು. ನಂಗೆ ಅದೇನು ಮಾತೋ ಅರ್ಥ ಆಗ್ಲಿಲ್ಲ, ಕೇಳ್ತಾ ಕೂತೆ.

ಅದರ ಪ್ರಾಸೆಸರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರದು, ನಮ್ಮ ಬೆಂಗಳೂರಿಗೆ 1985ರಲ್ಲೇ ಬಂದ ಕಂಪನಿ. ಚಿಪ್ ತಯಾರಾಗುವಾಗಲೇ ಅದರೊಳಗೆ ಒಂದು ಪುಟಾಣಿ ಪ್ರೋಗ್ರಾಮನ್ನ ಅಚ್ಚು ಹಾಕಿಬಿಟ್ಟಿರ್ತಾರೆ. ಕರೆಂಟ್ ಹೋದ್ರೂ, ನಾವು ಏನು ಕೆಡಿಸಿದ್ರೂ ಅದು ಅಳಿಸಲ್ಲ. ಅದರ ಕೆಲಸ ಒಂದೇ, ಮುಂದಿನ ಪ್ರೋಗ್ರಾಮು ಎಲ್ಲಿದೆ ಅಂತ ಹುಡುಕೋದು. ಮೊದಲು ಬೋರ್ಡಿಗೇ ಬೆಸೆದಿರೋ ಇಎಂಎಂಸಿ ಅನ್ನೋ ಮೆಮೊರಿ. ಅಲ್ಲಿ ಸರಿಯಾದ್ದು ಸಿಗದಿದ್ರೆ ಎಸ್‌ಡಿ ಕಾರ್ಡು. ಅದೂ ಇಲ್ದಿದ್ರೆ ಸೀರಿಯಲ್ ತಂತಿ, ಕಡೇಗೆ ಯುಎಸ್‌ಬಿ. ತಂತಿ ಹತ್ರ ಬಂದಾಗ ಸಿ ಅಂತ ಕಳಿಸತ್ತೆ. "ನೀನು ಕಳಿಸು, ನಾನು ತಾಳೆ ನೋಡಿ ತಗೋತೀನಿ" ಅಂತ ಅದರರ್ಥ. ಇಎಂಎಂಸಿಲಿ ಬರೆದಿದ್ದು ಅರ್ಧಕ್ಕೇ ಕೆಟ್ಟಿತ್ತು, ಕಾರ್ಡು ಹಾಕಿರಲಿಲ್ಲ, ಪಾಪ ಮೂರನೇ ಬಾಗಿಲಲ್ಲಿ ನಿಂತು ಕರೀತಾ ಇತ್ತು.

ಒಂದೇ ಸಲ ಎಲ್ಲಾ ತಗೊಳ್ಳಕ್ಕೂ ಆಗಲ್ಲವಂತೆ. ಬೋರ್ಡಲ್ಲಿ 512 ಎಂಬಿ ರ‍್ಯಾಮ್ ಇದ್ರೂ ಅದಿನ್ನೂ ಎದ್ದಿರಲ್ಲ. ಚಿಪ್ಪಿನೊಳಗಿರೋ ಚೂರು ಜಾಗದಲ್ಲಿ 109 ಕೆಬಿಯಷ್ಟು ಮಾತ್ರ ಹಿಡಿಯೋದು. ಆ ಮೊದಲ ತುಂಡು ದೊಡ್ಡ ರ‍್ಯಾಮನ್ನ ಎಬ್ಬಿಸಿ ಎರಡನೇದನ್ನ ಕರೆಯತ್ತೆ, ಎರಡನೇದು ಲಿನಕ್ಸನ್ನ. ನಮ್ಮಮ್ಮ ಹಂಡೆ ಒಲೆ ಹಚ್ತಿದ್ದಿದ್ದು ಹಿಂಗೇ ಅಲ್ವಾ, ಮೊದಲು ತೆಂಗಿನ ನಾರು, ಆಮೇಲೆ ಪುಳ್ಳೆ, ಆಮೇಲೆ ದಪ್ಪ ಸೌದೆ. ನಾರಿಗೇ ಬೆಂಕಿ ಹತ್ತದಿದ್ರೆ ಹಂಡೆ ತೂತು ಅಂತ ಯಾರಾದ್ರೂ ಅಂತಾರಾ?

ಇನ್ನೊಂದು ಫಜೀತಿ ಇದೆ. ಇಎಂಎಂಸಿಲಿ ಮೊದಲ ತುಂಡು ಚೆನ್ನಾಗಿದ್ದು ಎರಡನೇದು ಕೆಟ್ಟಿದ್ರೆ, ಒಳಗಿನ ಪ್ರೋಗ್ರಾಮು "ಸಿಕ್ತಲ್ಲ" ಅಂತ ನಂಬಿ ಅದರ ಕೈಗೆ ಕೊಟ್ಟುಬಿಡತ್ತೆ, ಕಾರ್ಡಿನ ಬಾಗಿಲಿಗೆ ತಾನಾಗಿ ಹೋಗೋದೇ ಇಲ್ಲ. ಅದಕ್ಕೇ ಅಂತ ಒಂದು ಸಣ್ಣ ಗುಂಡಿ ಇಟ್ಟಿದಾರೆ. ಒತ್ತಿ ಹಿಡಿದುಕೊಂಡು ಪವರ್ ಕೊಟ್ರೆ ಇಎಂಎಂಸಿ ಬಿಟ್ಟು ಕಾರ್ಡಿನ ಕಡೆ ಹೋಗತ್ತೆ. ಪವರ್ ಕೊಟ್ಟಾದ್ಮೇಲೆ ಎಷ್ಟು ಒತ್ತಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಹಾದಿ ಯಾವುದು ಅಂತ ಅದು ಎದ್ದ ಕ್ಷಣದಲ್ಲೇ ನೋಡಿಕೊಂಡಿರತ್ತೆ.

ಕಾರ್ಡಿಗೆ ನನ್ನ ಹಳೇ ಫೋನಿಂದೇ ಗತಿ. ಅದರಲ್ಲಿ ನಮ್ಮ ಗೃಹಪ್ರವೇಶದ ಫೋಟೋ ಎಲ್ಲ ಇತ್ತು. "ಮೊದಲು ಅವನ್ನ ಲ್ಯಾಪ್‌ಟಾಪಿಗೆ ಹಾಕು, ಆಮೇಲೆ ನಿನ್ನ ಬೀಗಲ್ಲು" ಅಂದೆ. ಹಾಕಿದ್ಲು. ಕಾರ್ಡಿಗೆ ಸಾಫ್ಟ್‌ವೇರ್ ಬರೆದು ಸಿಕ್ಕಿಸಿ ಪವರ್ ಕೊಟ್ಟಾಗ ರಾತ್ರಿ ಒಂದು ಗಂಟೆ. ನೀಲಿ ದೀಪ ಒಂದು ಎದೆ ಬಡ್ಕೊಂಡ ಹಾಗೆ ಲಬ್ ಡಬ್ ಲಬ್ ಡಬ್ ಅಂತ ಮಿಟುಕಿತು. ಅದನ್ನ ಹಂಗೇ ಮಿಟುಕಿಸ್ತಾರಂತೆ, ಜೀವ ಇದೆ ಅಂತ ಗೊತ್ತಾಗ್ಲಿ ಅಂತ. ಭಾನುವಾರ ಕಾರ್ಡಿಂದ ಇಎಂಎಂಸಿಗೂ ವಾಪಸ್ಸು ಬರೆದ್ಲು, ಸೋಮವಾರ ತೋರಿಸಿ ಬಂದ್ಲು.

ಹಿಂದೆಲ್ಲ ಇಷ್ಟು ಬಾಗಿಲು ಇರಲಿಲ್ಲ. 2004ರಲ್ಲಿ ನಮ್ಮ ಜಾಲಹಳ್ಳಿ ಬಿಇಎಲ್‌ನವರು ಜೊತೆಗೂಡಿ ತಂದ ಸಿಂಪ್ಯೂಟರ್ ನೆನಪಿದ್ಯಾ, ಕೈಯಲ್ಲಿ ಹಿಡಿಯೋ ಕಂಪ್ಯೂಟರು? ಅದರಲ್ಲಿದ್ದಂಥ ಸ್ಟ್ರಾಂಗ್‌ಆರ್ಮ್ ಪ್ರಾಸೆಸರು ಎದ್ದ ತಕ್ಷಣ ಫ್ಲ್ಯಾಶ್ ಮೆಮೊರಿಯ ಸೊನ್ನೆ ನಂಬರಿನ ಜಾಗಕ್ಕೇ ನೇರ ಹೋಗೋದು. ಅಲ್ಲಿ ಕೆಟ್ಟಿದ್ರೆ ತಾನಾಗಿ ಇನ್ನೊಂದು ಕಡೆ ಹುಡುಕೋ ಬುದ್ಧಿ ಅದಕ್ಕಿರಲಿಲ್ಲ.

ಅತ್ತಿಗೆ, ನಿಮ್ಮ ಅಟ್ಟದ ಮೇಲಿರೋ ಸೆಟ್ ಟಾಪ್ ಬಾಕ್ಸನ್ನ ಗುಜರಿಯವನಿಗೆ ಈಗಲೇ ಕೊಡ್ಬೇಡಿ. ಭಾನುವಾರ ತಗೊಂಡು ಬನ್ನಿ, ಇವಳು ಬಿಚ್ಚಿ ಸೀರಿಯಲ್ ಪಿನ್ನು ಇದ್ಯಾ ಅಂತ ನೋಡ್ತಾಳಂತೆ. ಆದ್ರೆ ಈಗಲೇ ಹೇಳಿರ್ತೀನಿ, ಕೆಲವು ಬಾಕ್ಸು ಕಂಪನಿಯವರ ಡಿಜಿಟಲ್ ಸಹಿ ಇಲ್ಲದ ಸಾಫ್ಟ್‌ವೇರನ್ನ ಯಾವ ಬಾಗಿಲಿಂದ ತಂದ್ರೂ ಒಳಗೆ ಬಿಟ್ಕೊಳ್ಳಲ್ಲ. ಹಂಗಿದ್ರೆ ನಿಮ್ಮ ಗುಜರಿಯವನೇ ಗತಿ.