ಸುಣ್ಣದ ಲೆಕ್ಕ

ರಾಸಾಯನಿಕ ಸಮೀಕರಣವನ್ನು ಸರಿದೂಗಿಸುವುದು ಬರಿಯ ಅಂಕೆಗಳ ಕಸರತ್ತೆಂದೇ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿದ್ದರು. ಒಮ್ಮೆ, ಸುಣ್ಣದ ಗೂಡಿನಲ್ಲಿ ದುಡಿಯುವವರ ಮಗನೊಬ್ಬ, ತರಗತಿಯಲ್ಲಿ ಎಂದೂ ಬಾಯಿ ಬಿಡದವನು, "ಸುಟ್ಟ ಕಲ್ಲು ಹಗುರಾಗುತ್ತೆ ಸಾರ್, ಬುಟ್ಟಿ ಹೊತ್ತರೆ ತಿಳಿಯುತ್ತೆ" ಎಂದ. ಪಠ್ಯಪುಸ್ತಕವನ್ನು ಬದಿಗಿಟ್ಟು ಅವನ ಮಾತನ್ನೇ ಕಪ್ಪುಹಲಗೆಯ ಮೇಲೆ ಲೆಕ್ಕವಾಗಿ ಬರೆದೆ. 100 ಗ್ರಾಂ ಶುದ್ಧ ಸುಣ್ಣದ ಕಲ್ಲನ್ನು ಪೂರ್ತಿಯಾಗಿ ಸುಟ್ಟರೆ ದೊರೆಯುವ ಸುಟ್ಟ ಸುಣ್ಣ 56 ಗ್ರಾಂ. ಮಿಕ್ಕ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಯ ಪಾಲು. ಆ 56ಕ್ಕೆ 18 ಗ್ರಾಂ ನೀರು ಕೂಡಿದರೆ 74 ಗ್ರಾಂ ಅರಳಿದ ಸುಣ್ಣ. (ಆಗ ಅದು ಕೊತಕೊತನೆ ಕುದಿಯುತ್ತದೆ, ಕಣ್ಣಿಗೆ ಸಿಡಿಯದಂತೆ ದೂರ ನಿಲ್ಲಬೇಕು.) ಗೋಡೆಗೆ ಬಳಿದ ಮೇಲೆ ಅದು ಕ್ರಮೇಣ 44 ಗ್ರಾಂ ಅನಿಲವನ್ನು ಗಾಳಿಯಿಂದ ಹೀರಿ, 18 ಗ್ರಾಂ ನೀರನ್ನು ಬಿಟ್ಟುಕೊಟ್ಟು, ಪುನಃ 100 ಗ್ರಾಂ ಕಲ್ಲೇ ಆಗುತ್ತದೆ. ಬಳಿದ ಎರಡು ಮೂರು ದಿನಗಳ ತರುವಾಯ ಗೋಡೆಗೆ ಬರುವ ಹೊಳಪು ಇದರದೇ.